ರೆಡ್ ಕ್ಲಾ, ಫಿಡ್ಲರ್, ಬಂಡೆ ಏಡಿ: ಮನೆಯ ಉಪ್ಪುನೀರಿನ ಟ್ಯಾಂಕ್‌ಗೆ ಯಾವುದು?

ಸ್ವಲ್ಪ ಹೊತ್ತು ನೀರಲ್ಲಿ, ಸ್ವಲ್ಪ ಹೊತ್ತು ದಡದಲ್ಲಿ ಕಳೆಯುವ ಏಡಿ ಸಾಕಬೇಕು ಅಂತ ಹೊರಟವರ ಮುಂದೆ ಸಾಮಾನ್ಯವಾಗಿ ಮೂರು ದಾರಿ ಇರುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರಲ್ಲಿ ಬದುಕುವ ರೆಡ್ ಕ್ಲಾ. ಗಂಡಿಗೆ ಒಂದು ಇಕ್ಕಳ ಮಾತ್ರ ದೊಡ್ಡದಾಗಿರುವ ಫಿಡ್ಲರ್. ಅಲೆ ಬಡಿಯುವ ಕಲ್ಲುಗಳ ಸಂದಿನಲ್ಲಿ ಓಡಾಡುವ ಚಪ್ಪಟೆ ಬಂಡೆ ಏಡಿ. ಮೂರನ್ನೂ ಬೇರೆ ಬೇರೆ ಟ್ಯಾಂಕ್‌ನಲ್ಲಿ, ಅಕ್ಕಪಕ್ಕ ಇಟ್ಟು ಸಾಕಿದ್ದೇನೆ. ಪಕ್ಕದಲ್ಲೇ ಇದ್ದದ್ದರಿಂದ ಒಂದರ ಗುಣ ಇನ್ನೊಂದರ ಮುಂದೆ ಎದ್ದು ಕಾಣುತ್ತಿತ್ತು.

ಇವುಗಳಲ್ಲಿ ಯಾವುದು ಚೆನ್ನಾಗಿದೆ ಅಂತ ಕೇಳುವುದಕ್ಕಿಂತ, ನೀವು ಯಾವ ದಡ ಕಟ್ಟಬಲ್ಲಿರಿ ಅಂತ ಕೇಳಿಕೊಳ್ಳುವುದು ಮೇಲು. ನೀರನ್ನು ಮೂರಕ್ಕೂ ಹದ ಮಾಡಿಕೊಳ್ಳಬಹುದು. ಉಪ್ಪು ಜಾಸ್ತಿ ಕಮ್ಮಿ ಮಾಡಿದರೆ ಆಯ್ತು. ದಡ ಹಾಗಲ್ಲ. ಫಿಡ್ಲರ್‌ಗೆ ಅದು ಊಟದ ಜಾಗ. ರೆಡ್ ಕ್ಲಾಗೆ ಹತ್ತಿ ಕೂರುವ ಜಾಗ. ಬಂಡೆ ಏಡಿಗೆ ಅಡಗುವ ಸಂದು. ಒಂದರ ದಡದಲ್ಲಿ ಇನ್ನೊಂದನ್ನು ಬಿಟ್ಟರೆ ಬದುಕಬಹುದು, ಆದರೆ ಮೂಲೆ ಹಿಡಿದು ಕೂತಿರುತ್ತದೆ. ನೋಡುವುದಕ್ಕೂ ಏನೂ ಇರುವುದಿಲ್ಲ.

ಹೆಸರಿನ ವಿಷಯ ಬೇಗ ಮುಗಿಸುತ್ತೇನೆ. ರೆಡ್ ಕ್ಲಾ ಅಂತ ಮಾರುವುದು ಒಂದೇ ಜಾತಿ ಅಲ್ಲ. ಪೆರಿಸೆಸಾರ್ಮಾ ಬೈಡೆನ್ಸ್ ಮತ್ತು ಸ್ಯೂಡೋಸೆಸಾರ್ಮಾ ಮೊಯೆಶಿ ಎರಡೂ ಅದೇ ಹೆಸರಲ್ಲಿ ಬರುತ್ತವೆ. ಸಾಕುವ ರೀತಿ ಒಂದೇ ಆದ್ದರಿಂದ ತಲೆ ಕೆಡಿಸಿಕೊಳ್ಳಬೇಕಿಲ್ಲ. ಫಿಡ್ಲರ್‌ಗಳಲ್ಲಿ 100ಕ್ಕೂ ಹೆಚ್ಚು ಜಾತಿಗಳಿವೆ. ಹಳೆಯ ಬರಹಗಳಲ್ಲಿ ಎಲ್ಲವೂ ಊಕಾ ಅನ್ನುವ ಒಂದೇ ಕುಲದಲ್ಲಿದ್ದವು. 2016ರಲ್ಲಿ ಅದನ್ನು 11 ಕುಲಗಳಾಗಿ ಒಡೆದರು. ಇಲ್ಲಿ ಮಾತ್ರ ಜಾತಿ ಗೊತ್ತಿದ್ದರೆ ಒಳ್ಳೆಯದು, ಯಾಕೆ ಅಂತ ಮುಂದೆ ಬರುತ್ತದೆ. ನನ್ನ ಬಂಡೆ ಏಡಿ ಪ್ಯಾಕಿಗ್ರಾಪ್ಸಸ್ ಕುಲದ್ದು, ಸಣ್ಣದು. ಸ್ಯಾಲಿ ಲೈಟ್‌ಫುಟ್ ಅಂತ ಅಂಗಡಿಗಳಲ್ಲಿ ಸಿಗುವುದನ್ನು ಈ ಗುಂಪಿಗೆ ಸೇರಿಸಬೇಡಿ. ಅದು ಬಹುಪಾಲು ಪರ್ಕ್ನಾನ್ ಗಿಬ್ಬೆಸಿ. ಪೂರ್ತಿ ನೀರೊಳಗೇ ಇರುವ ಏಡಿ, ಅದಕ್ಕೆ ದಡವೇ ಬೇಡ.

ನೀರು

ಮೂರಕ್ಕೂ ಉಪ್ಪು ಬೇಕು, ಪ್ರಮಾಣ ಬೇರೆ. ಅದನ್ನು ಸಾಂದ್ರತೆಯಲ್ಲಿ ಅಳೆಯುತ್ತೇವೆ, ಅಂದರೆ ಸಿಹಿನೀರು 1.000 ಆದರೆ ಈ ನೀರು ಎಷ್ಟು ಭಾರ ಅಂತ. ರೆಡ್ ಕ್ಲಾ ಟ್ಯಾಂಕನ್ನು ಸಾಂದ್ರತೆ 1.005ರಿಂದ 1.010ರ ನಡುವೆ ಇಟ್ಟಿದ್ದೆ. ಬಂಡೆ ಏಡಿಗೆ ಸಮುದ್ರದ ನೀರೇ ಬೇಕು, 1.022ರಿಂದ 1.025. ಫಿಡ್ಲರ್ ನಡುವೆ ನಿಲ್ಲುತ್ತದೆ. 1.008ರಿಂದ 1.015 ಅಂದರೆ ಬಹಳಷ್ಟು ಜಾತಿಗಳಿಗೆ ಹಿತ. ಆದರೆ ಮರಳು ದಂಡೆಯ ಲೆಪ್ಟುಕಾ ಪ್ಯೂಜಿಲೇಟರ್ ಸಮುದ್ರದಷ್ಟು ಉಪ್ಪಿನಲ್ಲೂ ಆರಾಮಾಗಿರುತ್ತದೆ. ಮಿನುಕಾ ಮಿನಾಕ್ಸ್ ಅಳಿವೆಯ ಮೇಲ್ಭಾಗದ್ದು, ಉಪ್ಪು ತೀರಾ ಕಡಿಮೆ ಇರುವ ಕಡೆಯೂ ಸಿಗುತ್ತದೆ. ಜಾತಿ ಗೊತ್ತಿದ್ದರೆ ಒಳ್ಳೆಯದು ಅಂದದ್ದು ಇದಕ್ಕೇ.

ಈ ಮೂರರಲ್ಲಿ ಯಾವುದನ್ನೂ ಸಿಹಿನೀರಿನಲ್ಲಿ ಕಾಯಂ ಇಡಬಾರದು. ರೆಡ್ ಕ್ಲಾ ಮತ್ತು ಫಿಡ್ಲರ್ ಎರಡನ್ನೂ ಸಿಹಿನೀರಿನ ಏಡಿ ಅಂತ ಮಾರುವುದುಂಟು. ಕೆಲವು ವಾರ, ಕೆಲವು ತಿಂಗಳು ತಡೆದುಕೊಳ್ಳುತ್ತವೆ, ಅದನ್ನೇ ಒಗ್ಗಿದೆ ಅಂದುಕೊಳ್ಳುತ್ತಾರೆ. ಪೊರೆ ಬಿಡುವ ಹೊತ್ತಿಗೆ ಬಣ್ಣ ಬಯಲಾಗುತ್ತದೆ.

ಉಪ್ಪು ಅಂದರೆ ಸಮುದ್ರದ ಅಕ್ವೇರಿಯಂಗೆ ಅಂತಲೇ ಮಾಡಿದ ಮರೀನ್ ಸಾಲ್ಟ್ ಮಿಕ್ಸ್. ಅಕ್ವೇರಿಯಂ ಸಾಲ್ಟ್ ಅಂತ ಸಿಗುವುದು ಬರೀ ಸೋಡಿಯಂ ಕ್ಲೋರೈಡ್. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಇರುವುದಿಲ್ಲ. ಚಿಪ್ಪು ಕಟ್ಟಿಕೊಳ್ಳುವ ಪ್ರಾಣಿಗೆ ಇವಿಲ್ಲದೆ ಆಗದು.

ಉಪ್ಪು ಅಳೆಯುವುದಕ್ಕೆ ಮುಳ್ಳು ತೇಲುವ ಹೈಡ್ರೋಮೀಟರ್, ಒಂದು ಹನಿ ನೀರಲ್ಲಿ ಬೆಳಕು ಬಾಗುವುದನ್ನು ನೋಡಿ ಅಳೆಯುವ ರಿಫ್ರಾಕ್ಟೋಮೀಟರ್ ಎರಡನ್ನೂ ಬಳಸಿದ್ದೇನೆ. ಹೈಡ್ರೋಮೀಟರ್‌ನ ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಉಪ್ಪು ಜಾಸ್ತಿ ತೋರಿಸುತ್ತದೆ. ತಟ್ಟಿ ತಟ್ಟಿ ಗುಳ್ಳೆ ಬಿಡಿಸಿ ಓದಬೇಕು. ರೆಡ್ ಕ್ಲಾಗೆ ಅದು ಸಾಕು, ಅದಕ್ಕೆ ಸ್ವಲ್ಪ ಹೆಚ್ಚುಕಮ್ಮಿ ನಡೆಯುತ್ತದೆ. ಬಂಡೆ ಏಡಿಯ ಟ್ಯಾಂಕ್‌ಗೆ ರಿಫ್ರಾಕ್ಟೋಮೀಟರ್ರೇ ಬೇಕು. ಅದನ್ನೂ ಆಗಾಗ 35 ಪಿಪಿಟಿ (ಸಾವಿರ ಪಾಲಿನಲ್ಲಿ 35 ಪಾಲು ಉಪ್ಪು) ದ್ರಾವಣ ಹಾಕಿ ಸರಿಹೊಂದಿಸಬೇಕು.

ಯಾಕೆ ಇಷ್ಟು ಜಾಗ್ರತೆ ಅಂದರೆ, ಅರ್ಧ ದಡ ಇರುವ ಟ್ಯಾಂಕ್‌ನಲ್ಲಿ ನೀರು ನಾವು ಅಂದುಕೊಂಡಷ್ಟು ಇರುವುದಿಲ್ಲ. 60 ಲೀಟರ್ ಟ್ಯಾಂಕ್ ಅಂತ ತಂದಿರುತ್ತೇವೆ. ಮರಳು, ಕಲ್ಲು, ಮೇಲೆ ಬಿಟ್ಟ ಗಾಳಿಯ ಜಾಗ ಎಲ್ಲ ಕಳೆದರೆ ಒಳಗಿರುವುದು 20 ಲೀಟರ್ ನೀರು. ಅದರಲ್ಲಿ 2 ಲೀಟರ್ ಆವಿಯಾದರೆ ಉಪ್ಪು ಎಲ್ಲೂ ಹೋಗುವುದಿಲ್ಲ. 35 ಪಿಪಿಟಿ ಇದ್ದದ್ದು ಸುಮಾರು 39 ಆಗುತ್ತದೆ. ಅದೇ 2 ಲೀಟರ್ 200 ಲೀಟರ್ ನೀರಿನಿಂದ ಹೋದರೆ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಆವಿಯಾದ ನೀರಿನ ಬದಲಿಗೆ ಸಿಹಿನೀರು ಹಾಕಬೇಕು, ಉಪ್ಪುನೀರು ಅಲ್ಲ. ನೀರಿನ ಮಟ್ಟಕ್ಕೆ ಗಾಜಿನ ಹೊರಗೆ ಒಂದು ಗೆರೆ ಎಳೆದು, ದಿನಾ ಆ ಗೆರೆವರೆಗೆ ತುಂಬಿಸುತ್ತಿದ್ದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದು ಹಾಕಿ.

ಏಡಿಯ ಕಸ, ಉಳಿದ ಊಟದಿಂದ ನೀರಿಗೆ ಸೇರುವ ಅಮೋನಿಯಾ ವಿಷಯದಲ್ಲೂ ಕಡಿಮೆ ನೀರು ಕಷ್ಟ ಕೊಡುತ್ತದೆ. ಉಪ್ಪುನೀರಿನ ಪಿಎಚ್ 8ಕ್ಕಿಂತ ಮೇಲಿರುತ್ತದೆ. ಪಿಎಚ್ 7ರಿಂದ 8.2ಕ್ಕೆ ಏರಿದರೆ ಅಮೋನಿಯಾದಲ್ಲಿ ವಿಷವಾಗಿರುವ ಪಾಲು ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಸಿಹಿನೀರಿನಲ್ಲಿ ಪರವಾಗಿಲ್ಲ ಅನ್ನಿಸುವ ಪ್ರಮಾಣ ಇಲ್ಲಿ ಪ್ರಾಣ ತೆಗೆಯಬಹುದು. ಏಡಿ ತರುವ ಮೊದಲೇ ಟ್ಯಾಂಕ್ ಓಡಿಸಿ, ಅಮೋನಿಯಾ ಮತ್ತು ಬ್ಯಾಕ್ಟೀರಿಯಾ ಅದರಿಂದ ಮಾಡುವ ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಕಾಯಿರಿ. ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಮೀನಿನ ಕಾಯಿಲೆಗೆ ಹಾಕುವ ತಾಮ್ರದ ಔಷಧಿಯನ್ನು ಈ ಟ್ಯಾಂಕ್‌ಗಳ ಹತ್ತಿರವೂ ತರಬೇಡಿ. ಏಡಿಗಳಿಗೆ ಅದು ವಿಷ.

ದಡ

ಇಲ್ಲಿ ಮೂರೂ ಪೂರ್ತಿ ದೂರ ಸರಿಯುತ್ತವೆ.

ರೆಡ್ ಕ್ಲಾಗೆ ದಡ ಕಟ್ಟುವುದು ಎಲ್ಲಕ್ಕಿಂತ ಸುಲಭ. ನೀರಿನಿಂದ ಮೇಲೆ ಚಾಚಿದ ಮರದ ಬೇರು, ಅದರ ತುದಿಯಲ್ಲಿ ಒಣಗಿದ ಕೂರುವ ಜಾಗ. ಅಷ್ಟಿದ್ದರೆ ಅದರ ಸಂಸಾರ ನಡೆಯುತ್ತದೆ. ಆಮೆಗೆ ಅಂತ ಮಾರುವ ತೇಲುವ ಹಲಗೆಯನ್ನೂ ಇಟ್ಟು ನೋಡಿದ್ದೇನೆ. ಹತ್ತುತ್ತದೆ, ಆದರೆ ಅದರ ಕೆಳಗೆ ನೆರಳಲ್ಲಿ ಕೂರುವುದೇ ಜಾಸ್ತಿ. ಬೇರನ್ನು ಕೊಟ್ಟಾಗ ಓಡಾಟವೇ ಬೇರೆ. ರಾತ್ರಿಯಾದರೆ ತುದಿಗೆ ಹೋಗಿ ಕೂರುತ್ತಿತ್ತು.

ಹೊರಗೆ ಕೂತ ರೆಡ್ ಕ್ಲಾದ ಮುಖವನ್ನು ಲೆನ್ಸ್ ಹಿಡಿದು ನೋಡಿ. ಬಾಯಿಯ ಎರಡೂ ಬದಿ, ಕೆನ್ನೆಯ ಜಾಗದಲ್ಲಿ, ಜಾಲರಿ ಹಾಗೆ ಸಾಲುಸಾಲು ಸಣ್ಣ ಕೂದಲುಗಳಿವೆ. ಕಿವಿರಿನ ಗೂಡಿನಿಂದ ಬಾಯಿಯ ಹತ್ತಿರ ಹೊರಬಂದ ನೀರು ಆ ಜಾಲರಿಯ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ, ಗಾಳಿಯಿಂದ ಆಮ್ಲಜನಕ ಹೀರಿಕೊಳ್ಳುತ್ತದೆ, ಕಾಲುಗಳ ಬುಡದ ಕಿಂಡಿಗಳಿಂದ ಮತ್ತೆ ಒಳಗೆ ಹೋಗುತ್ತದೆ. ಒಂದೇ ಗುಟುಕು ನೀರನ್ನು ಮತ್ತೆ ಮತ್ತೆ ಸುತ್ತಿಸಿಕೊಂಡು ಗಂಟೆಗಟ್ಟಲೆ ಹೊರಗಿರುತ್ತದೆ. ಬೆಳಕು ಓರೆಯಾಗಿ ಬಿದ್ದರೆ ಮುಖದ ಮೇಲೆ ನೀರಿನ ಪೊರೆ ಮಿನುಗುವುದು ಕಾಣುತ್ತದೆ. ಆ ನೀರು ಕಮ್ಮಿಯಾಗುತ್ತಾ ಬಂದಾಗ ಬಾಯಲ್ಲಿ ನೊರೆ ಬರುತ್ತದೆ. ಅದು ಕಾಯಿಲೆ ಅಲ್ಲ. ಆದರೆ ನೊರೆ ಪದೇ ಪದೇ ಬರುತ್ತಿದ್ದರೆ ಟ್ಯಾಂಕ್‌ನೊಳಗಿನ ಗಾಳಿ ಒಣಗಿದೆ ಅಂತ ತಿಳಿದು, ಮುಚ್ಚಳದ ತೂತು ಕಮ್ಮಿ ಮಾಡಿ.

ಬಂಡೆ ಏಡಿಗೆ ಮರ ಬೇಡ, ಮರಳೂ ಬೇಡ. ಕಲ್ಲು ಬೇಕು, ಕಲ್ಲಿನ ನಡುವೆ ಅದರ ಮೈ ಮಾತ್ರ ತೂರುವಷ್ಟು ಸಂದು ಬೇಕು. ಲೈವ್ ರಾಕ್ (ಸೂಕ್ಷ್ಮಜೀವಿಗಳು ಮನೆ ಮಾಡಿಕೊಂಡ ಸಮುದ್ರದ ಕಲ್ಲು) ತುಂಡುಗಳನ್ನು ನೀರಿನ ಮೇಲೆ ಒಂದು ಗೇಣು ಬರುವ ಹಾಗೆ ಪೇರಿಸಿ, ಅದರ ಮೇಲೆ ಪಂಪಿನ ನೀರು ಚಿಮ್ಮುವ ಹಾಗೆ ಮಾಡಿದ್ದೆ. ಕಲ್ಲುಗಳನ್ನು ನೇರ ಗಾಜಿನ ತಳದ ಮೇಲೇ ಕೂರಿಸಿ, ಮರಳು ಹಾಕುವುದೇ ಆದರೆ ಆಮೇಲೆ ಸುತ್ತ ಹಾಕಿ. ಮರಳಿನ ಮೇಲೆ ಪೇರಿಸಿದರೆ ಏಡಿ ಅಡಿಯಲ್ಲಿ ತೋಡಿದಾಗ ಗುಡ್ಡೆಯೇ ಕುಸಿಯುತ್ತದೆ. ನೀರು ಚಿಮ್ಮುವ ಕಡೆ ಕಲ್ಲಿನ ಮೇಲೆ ಪಾಚಿ ತೆಳ್ಳಗೆ ಬೆಳೆಯುತ್ತದೆ. ಏಡಿ ಅದನ್ನು ಎರಡೂ ಇಕ್ಕಳದಿಂದ ಸರದಿಯ ಮೇಲೆ ಕಿತ್ತು ಕಿತ್ತು ತಿನ್ನುತ್ತದೆ. ನೋಡಲು ಸೊಗಸು. ಆದರೆ ನೀವು ಹತ್ತಿರ ಹೋದ ತಕ್ಷಣ ಮಾಯ. ಮೂರರಲ್ಲಿ ಇಷ್ಟು ಪುಕ್ಕಲು ಇನ್ನೊಂದಿಲ್ಲ. ದೂರ ಕೂತು ನೋಡುವ ತಾಳ್ಮೆ ಇದ್ದವರಿಗೆ ಮಾತ್ರ ಇದು.

ಇನ್ನು ಫಿಡ್ಲರ್. ಇದಕ್ಕೆ ನಿಜವಾದ ಇಳಿಜಾರು ಮರಳು ದಂಡೆ ಬೇಕು. ಯಾಕೆ ಅಂತ ಅದು ಉಣ್ಣುವುದನ್ನು ನೋಡಿದರೆ ಗೊತ್ತಾಗುತ್ತದೆ. ಸಣ್ಣ ಇಕ್ಕಳದಿಂದ ಒದ್ದೆ ಮರಳನ್ನು ಚಿಟಿಕೆ ಚಿಟಿಕೆಯಾಗಿ ಬಾಯಿಗೆ ಹಾಕಿಕೊಳ್ಳುತ್ತದೆ. ಒಳಗೆ ಬಾಯಿಯ ಭಾಗಗಳಲ್ಲಿರುವ ಕೂದಲು ಮರಳಿನ ಕಣಗಳನ್ನು ಉಜ್ಜಿ, ಅಂಟಿಕೊಂಡ ಪಾಚಿ, ಬ್ಯಾಕ್ಟೀರಿಯಾ ಬಿಡಿಸುತ್ತದೆ. ಕಿವಿರಿನ ನೀರನ್ನು ಬಾಯೊಳಗೆ ಬಿಟ್ಟು ಹಗುರದ್ದನ್ನು ತೇಲಿಸಿ ನುಂಗುತ್ತದೆ. ಭಾರದ ಮರಳು ಕೆಳಗೆ ಉಂಡೆಯಾಗಿ ಸೇರುತ್ತದೆ. ಆ ಉಂಡೆಯನ್ನು ಇಕ್ಕಳದಿಂದ ತೆಗೆದು ಪಕ್ಕಕ್ಕಿಟ್ಟು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಾಸಿವೆ ಚೆಲ್ಲಿದ ಹಾಗೆ ಉಂಡೆಗಳು ಬಿಲದ ಸುತ್ತ ಹರಡಿಕೊಂಡಿರುತ್ತವೆ. ಹೆಣ್ಣಿಗೆ ಎರಡೂ ಸಣ್ಣ ಇಕ್ಕಳ, ಎರಡೂ ಕೈಯಲ್ಲಿ ಉಣ್ಣುತ್ತದೆ. ಗಂಡಿಗೆ ಉಣ್ಣಲು ಒಂದೇ. ಇನ್ನೊಂದು ಸುಮ್ನೆ ಭಾರ. ಅದೂ ಎಷ್ಟು ಭಾರ ಅಂತೀರಿ, ದೇಹದ ತೂಕದ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಇರುತ್ತದೆ.

ಈ ಊಟಕ್ಕೆ ಮರಳು ನುಣ್ಣಗಿರಬೇಕು. ದಪ್ಪ ಹವಳದ ಚೂರು, ಬಣ್ಣದ ಕಲ್ಲು ಹಾಕಿದರೆ ಫಿಡ್ಲರ್ ಉಣ್ಣುವುದು ಹೇಗೆ? ಎರಡೂ ಬಗೆಯ ಮರಳನ್ನು ಒಂದೇ ಟ್ಯಾಂಕ್‌ನ ಎರಡು ಬದಿಗೆ ಹಾಕಿ ನೋಡಿದೆ. ದಪ್ಪ ಚೂರಿನ ಬದಿಯಲ್ಲಿ ಒಂದು ಉಂಡೆಯೂ ಬೀಳಲಿಲ್ಲ. ಬಿಲ ತೋಡಲು ಮರಳಿನ ಆಳ ಕನಿಷ್ಠ 10 ಸೆಂಟಿಮೀಟರ್ ಬೇಕು, ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು. ಬರೀ ತೊಳೆದ ಮರಳಿನಲ್ಲಿ ಬಿಲ ನಿಲ್ಲುವುದಿಲ್ಲ, ಕುಸಿಯುತ್ತದೆ. ಸ್ವಲ್ಪ ಜೇಡಿಮಣ್ಣು ಬೆರೆಸಿದ ಮೇಲೆ ಬಾಯಿ ದುಂಡಗೆ ನಿಂತವು.

ಇದರ ಕಾಟವೂ ಕಮ್ಮಿ ಇಲ್ಲ. ಇಳಿಜಾರು ದಿನಾ ಸ್ವಲ್ಪ ಸ್ವಲ್ಪ ನೀರಿಗೆ ಜಾರುತ್ತದೆ. ಅಡ್ಡ ಒಂದು ಅಕ್ರಿಲಿಕ್ ಪಟ್ಟಿಯನ್ನು ಸಿಲಿಕಾನ್ ಹಾಕಿ ನಿಲ್ಲಿಸಿದ ಮೇಲೆ ನಿಂತಿತು. ಮರಳು ಬತ್ತಿ ಎಣ್ಣೆ ಎಳೆದ ಹಾಗೆ ನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರು ಆವಿಯಾಗಿ ತುದಿಯಲ್ಲಿ ಉಪ್ಪಿನ ಬಿಳಿ ಪದರ ಕಟ್ಟುತ್ತದೆ. ಅದನ್ನು ಸಿಹಿನೀರು ಸಿಂಪಡಿಸಿ ಇಳಿಸುತ್ತಿರಬೇಕು. ನೀರಿನಡಿಯ ಆಳದ ಮರಳು ಗಾಳಿಯಾಡದೆ ಕಪ್ಪಾಗುತ್ತದೆ. ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ, ಅಂದರೆ ಹೈಡ್ರೋಜನ್ ಸಲ್ಫೈಡ್. ಕಡಿಮೆ ನೀರಿನ ಟ್ಯಾಂಕ್‌ನಲ್ಲಿ ಅದನ್ನು ಕಲಕುವುದು ಒಳ್ಳೆಯದಲ್ಲ. ಏಡಿಗಳು ತೋಡುವ ಒಣ ಬದಿ ತಾನಾಗಿ ಉಸಿರಾಡುತ್ತಿರುತ್ತದೆ. ನೀರಿನಡಿಯ ಬದಿಯಲ್ಲಿ ಮರಳು ತೆಳ್ಳಗಿರಲಿ.

ಉಬ್ಬರ ಬೇಕಾ?

ಪಂಪು, ಟೈಮರ್ ಇಟ್ಟು ಟ್ಯಾಂಕ್‌ನಲ್ಲೇ ಉಬ್ಬರ ಇಳಿತ ಮಾಡುವುದು ಈ ಹವ್ಯಾಸದವರ ದೊಡ್ಡ ಆಸೆ. ಪಕ್ಕದ ಡಬ್ಬಿಯಿಂದ ನೀರು ಟ್ಯಾಂಕ್‌ಗೆ ಏರಬೇಕು, ಕೆಲವು ಗಂಟೆ ನಿಂತು ಮತ್ತೆ ಇಳಿಯಬೇಕು. ಮೂರು ಟ್ಯಾಂಕ್‌ಗೂ ಮಾಡಿ ನೋಡಿದೆ.

ರೆಡ್ ಕ್ಲಾಗೆ ಏನೂ ಅನ್ನಿಸಲೇ ಇಲ್ಲ. ನೀರು ಬಂದರೆ ಒಂದು ಕೊಂಬೆ ಮೇಲೆ, ಹೋದರೆ ಒಂದು ಕೊಂಬೆ ಕೆಳಗೆ. ಬಂಡೆ ಏಡಿಗೆ ನೀರಿನ ಮಟ್ಟಕ್ಕಿಂತ ನೀರಿನ ರಭಸ ಮುಖ್ಯ. ಚಿಮ್ಮುವ ನೀರಿದ್ದರೆ ಅದಕ್ಕೆ ಸಾಕು. ಆದರೆ ಫಿಡ್ಲರ್ ಟ್ಯಾಂಕ್ ಬೇರೆಯೇ ಆಗಿಹೋಯಿತು. ನೀರಿನ ಮಟ್ಟ ಸ್ಥಿರ ಇದ್ದಾಗ ನೀರಂಚಿನ ಒಂದು ಪಟ್ಟಿಯಲ್ಲಿ ಮಾತ್ರ ಉಂಡೆಗಳು ಕಾಣುತ್ತಿದ್ದವು, ಅಲ್ಲಿನ ಮರಳು ಬೇಗ ಬರಿದಾಗುತ್ತಿತ್ತು. ನೀರು ಏರಿ ಇಳಿಯುವಂತಾದ ಮೇಲೆ ಇಡೀ ಇಳಿಜಾರು ಒದ್ದೆಯಾಗಿ, ಕಂದು ಪಾಚಿಯ ತೆಳು ಪೊರೆ ಮತ್ತೆ ಮತ್ತೆ ಬಂತು. ನೀರು ಇಳಿದ ಕೂಡಲೇ ಎಲ್ಲವೂ ಬಿಲದಿಂದ ಹೊರಗೆ. ಗಂಡುಗಳ ಕೈ ಬೀಸಾಟವೂ ಆಗಲೇ ಜಾಸ್ತಿ.

ಇವುಗಳ ಮೈಯೊಳಗೇ ಗಡಿಯಾರ ಇದೆ ಅನ್ನುವುದು ಹಳೆಯ ಮಾತು. 1940ರ ದಶಕದಲ್ಲೇ ಫ್ರಾಂಕ್ ಬ್ರೌನ್ ಅನ್ನುವ ವಿಜ್ಞಾನಿ ಫಿಡ್ಲರ್‌ಗಳ ಬಣ್ಣ ಹಗಲಲ್ಲಿ ಗಾಢವಾಗಿ ರಾತ್ರಿ ತಿಳಿಯಾಗುವುದನ್ನು, ಕತ್ತಲೆ ಕೋಣೆಯಲ್ಲಿಟ್ಟರೂ ಅದು ಮುಂದುವರಿಯುವುದನ್ನು ಅಧ್ಯಯನ ಮಾಡಿದ್ದರು. ರಾತ್ರಿ ಟಾರ್ಚ್ ಹಾಕಿ ನೋಡಿದರೆ ಬಣ್ಣದ ವ್ಯತ್ಯಾಸ ನಿಮಗೂ ಕಾಣುತ್ತದೆ. ಸಮುದ್ರದ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ನಮ್ಮ 24 ಗಂಟೆಯ ಟೈಮರ್‌ಗೆ ಅದು ಬರುವುದಿಲ್ಲ. ನಾನು ದಿನಾ ಒಂದೇ ಹೊತ್ತಿಗೆ ಇಟ್ಟಿದ್ದೆ, ಏಡಿಗಳು ಆ ಹೊತ್ತಿಗೆ ಹೊಂದಿಕೊಂಡಂತೆ ಕಂಡಿತು. ಚಂದ್ರನ ಲೆಕ್ಕ ಹಾಕುವ ಕಂಟ್ರೋಲರ್ ಬೇಕೇಬೇಕು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಒಂದು ಎಚ್ಚರಿಕೆ. ನೀರು ನಿಧಾನ ಏರಬೇಕು. ಜೋರಾಗಿ ಬಂದರೆ ದಂಡೆ ಒಂದೇ ಸಲಕ್ಕೆ ಕೊಚ್ಚಿಹೋಗುತ್ತದೆ. ಪಂಪು ಕೈಕೊಟ್ಟು ನೀರು ಮೇಲೆಯೇ ನಿಂತರೂ ಏಡಿಗಳಿಗೆ ಹತ್ತಲು ಒಂದು ಕಲ್ಲು ಇರಲಿ. ಡಬ್ಬಿಯಲ್ಲಿರುವ ಅಷ್ಟೂ ನೀರು ಟ್ಯಾಂಕ್‌ಗೆ ಬಂದರೂ ಹೊರಗೆ ಚೆಲ್ಲದಷ್ಟು ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಓಡಿಹೋಗುವುದರಲ್ಲಿ ಯಾರು ಗಟ್ಟಿ

ರೆಡ್ ಕ್ಲಾ. ಪೈಪು, ವೈರು, ಮೂಲೆಯ ಸಿಲಿಕಾನ್ ಗೆರೆ ಯಾವುದನ್ನಾದರೂ ಹಿಡಿದು ಮೇಲೆ ಬರುತ್ತದೆ. ಮುಚ್ಚಳವನ್ನು ಬೆನ್ನಿನಿಂದ ನೂಕಿ ನೋಡುತ್ತದೆ, ಹಗುರ ಇದ್ದರೆ ಎತ್ತಿಯೂ ಬಿಡುತ್ತದೆ. ಹೊರಗೆ ಹೋದರೆ ಕಿವಿರು ಒಣಗಿ ಸಾಯುತ್ತದೆ. ಬಂಡೆ ಏಡಿ ವೇಗದಲ್ಲಿ ಎಲ್ಲರಿಗಿಂತ ಮುಂದು. ಮುಚ್ಚಳ ತೆರೆದಾಗ ನಿಮ್ಮ ಕೈಯನ್ನೇ ಮೆಟ್ಟಿಲು ಮಾಡಿಕೊಳ್ಳಬಹುದು. ಆದರೆ ಪಟ್ಟು ಹಿಡಿದು ದಾರಿ ಹುಡುಕುವ ಸ್ವಭಾವ ಅದರದಲ್ಲ. ಫಿಡ್ಲರ್ ಹತ್ತುವುದರಲ್ಲಿ ಅಷ್ಟಕ್ಕಷ್ಟೆ, ಒಳ್ಳೆಯ ಬಿಲ ಸಿಕ್ಕರಂತೂ ಹೊರಗೆ ಹೋಗುವ ಆಸೆಯೇ ಕಾಣುವುದಿಲ್ಲ. ಹಾಗಂತ ಮುಚ್ಚಳ ಇಲ್ಲದೆ ಇಡಬೇಡಿ. ಮುಚ್ಚಳದ ಬಲೆ ಪ್ಲಾಸ್ಟಿಕ್‌ನದ್ದೇ ಇರಲಿ. ಉಪ್ಪಿನ ಹನಿಗೆ ಕಬ್ಬಿಣದ ಬಲೆ ತುಕ್ಕು ಹಿಡಿದು ಉದುರುತ್ತದೆ. ವೈರು ಹೋಗುವ ಕಿಂಡಿಗೆ ಫಿಲ್ಟರ್ ಸ್ಪಂಜು ತುರುಕಿ.

ಫಿಲ್ಟರ್ ಅಂದ ಮೇಲೆ ನೆನಪಾಯಿತು. ಗಾಜಿಗೆ ನೇತುಹಾಕುವ ಫಿಲ್ಟರ್ ಇಲ್ಲಿ ಆಗುವುದಿಲ್ಲ, ನೀರಿನ ಮಟ್ಟ ಅಷ್ಟು ಮೇಲೆ ಇರುವುದಿಲ್ಲ ಅಲ್ವಾ. ಗಾಳಿ ಪಂಪಿನ ಸ್ಪಂಜ್ ಫಿಲ್ಟರ್ ಕಡಿಮೆ ನೀರಲ್ಲೂ ಕೆಲಸ ಮಾಡುತ್ತದೆ, ಆದರೆ ಗುಳ್ಳೆ ಒಡೆದು ಉಪ್ಪಿನ ಹನಿ ಲೈಟಿನ ಮೇಲೆಲ್ಲ ಕೂರುತ್ತದೆ. ಅಡ್ಡ ಮಲಗಿಸಿ ಇಡಬಹುದಾದ ಒಳಗಿನ ಫಿಲ್ಟರ್ ನನಗೆ ಹಿಡಿಸಿತು. ಫಿಡ್ಲರ್ ಟ್ಯಾಂಕ್‌ನಲ್ಲಿ ಮಾತ್ರ ಅದರ ಬಾಯಿಗೆ ಮರಳು ಸಿಕ್ಕಿಕೊಳ್ಳುತ್ತಿರುತ್ತದೆ, ಸ್ವಲ್ಪ ಎತ್ತರದಲ್ಲಿಡಿ.

ಊಟ, ಪೊರೆ, ಜೊತೆಗಾರರು

ಊಟದ ವಿಷಯದಲ್ಲಿ ರೆಡ್ ಕ್ಲಾಗೆ ಯಾವ ತಕರಾರೂ ಇಲ್ಲ. ಒಣಗಿದ ಎಲೆ ಅದರ ಮೂಲ ಆಹಾರ. ಇದರ ಬಳಗದ ಏಡಿಗಳು ಕಾಂಡ್ಲಾ ಕಾಡಲ್ಲಿ ಬಿದ್ದ ಎಲೆಗಳನ್ನು ಬಿಲಕ್ಕೆ ಎಳೆದೊಯ್ದು ತಿನ್ನುತ್ತವೆ. ಔಷಧಿ ಸಿಂಪಡಿಸದ ಕಾಡುಬಾದಾಮಿ ಎಲೆ, ಪಾಚಿಯ ಬಿಲ್ಲೆ, ಆಗಾಗ ಒಂದು ಚೂರು ಸೀಗಡಿ. ಬಂಡೆ ಏಡಿಗೆ ಸಮುದ್ರದ ಪಾಚಿಯ ಹಾಳೆ, ಜೊತೆಗೆ ಸ್ವಲ್ಪ ಮಾಂಸ. ಫಿಡ್ಲರ್‌ಗೆ ಮರಳೇ ತಟ್ಟೆ. ಮೀನಿನ ಆಹಾರವನ್ನು ಪುಡಿ ಮಾಡಿ ಒದ್ದೆ ಮರಳಿನ ಮೇಲೆ ಉದುರಿಸಿದರೆ ತಮ್ಮ ರೀತಿಯಲ್ಲೇ ಹುಡುಕಿ ತಿನ್ನುತ್ತವೆ. ನೀರಿಗೆ ಹಾಕಿದ್ದು ಬಹುಪಾಲು ವ್ಯರ್ಥ. ಮೂರಕ್ಕೂ ಒಂದು ತುಂಡು ಕಟಲ್‌ಬೋನ್ (ಕಟಲ್‌ಫಿಶ್‌ನ ಒಳಚಿಪ್ಪು) ಇಟ್ಟಿದ್ದೆ, ಕ್ಯಾಲ್ಸಿಯಂಗೆ.

ಪೊರೆ ಬಿಡುವ ಮುಂಚೆ ಮೂರೂ ಊಟ ಬಿಟ್ಟು ಮೂಲೆ ಸೇರುತ್ತವೆ, ಬಣ್ಣ ಮಂಕಾಗುತ್ತದೆ. ಬೆನ್ನ ಚಿಪ್ಪಿನ ಹಿಂಬದಿ ಸೀಳಿ ಏಡಿ ಹಿಂದಕ್ಕೆ ಜಾರಿ ಹೊರಬರುತ್ತದೆ. ಬಿಟ್ಟ ಪೊರೆ ಇಡೀ ಏಡಿಯ ಹಾಗೇ ಇರುತ್ತದೆ, ಕಣ್ಣು, ಇಕ್ಕಳ, ಎಲ್ಲ ಸಮೇತ. ಸತ್ತಿದೆ ಅಂತ ಎತ್ತಿ ಎಸೆಯುವ ಮೊದಲು ಹಿಂಬದಿ ನೋಡಿ. ಬಾಗಿಲು ತೆರೆದಂತಿದ್ದು, ಒಳಗೆ ಖಾಲಿ, ವಾಸನೆ ಇಲ್ಲ ಅಂದರೆ ಅದು ಪೊರೆ. ಅಲ್ಲೇ ಬಿಡಿ, ಏಡಿ ಅದನ್ನು ತಿಂದು ಕ್ಯಾಲ್ಸಿಯಂ ವಾಪಸ್ ಪಡೆಯುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಕೆಲವು ದಿನ ಮೈ ಮೆತ್ತಗಿರುತ್ತದೆ. ರೆಡ್ ಕ್ಲಾಗಳಿಗೆ ಅಪಾಯದ ಕಾಲ ಇದೇ. ಜೊತೆಯಲ್ಲಿದ್ದ ಇನ್ನೊಂದು ರೆಡ್ ಕ್ಲಾ ಮೆತ್ತಗಿನದನ್ನು ಹುಡುಕಿ ತಿನ್ನುತ್ತದೆ. ಬಿಲದೊಳಗೆ ಪೊರೆ ಬಿಡುವ ಫಿಡ್ಲರ್‌ಗೆ ಈ ಭಯ ಕಡಿಮೆ, ಬಿಲ ತೋಡಲು ಜಾಗ ಕೊಟ್ಟಿದ್ದರೆ. ಬಂಡೆ ಏಡಿ ಒಂಟಿಯೇ ಇದ್ದದ್ದರಿಂದ ತೊಂದರೆ ಬರಲಿಲ್ಲ. ಮುರಿದ ಕಾಲು ಮೂರರಲ್ಲೂ ಮುಂದಿನ ಪೊರೆಗಳಲ್ಲಿ ಮತ್ತೆ ಬೆಳೆಯುತ್ತದೆ.

ಜೊತೆಗೆ ಮೀನು ಬಿಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಮೋಲಿ ಮೀನು ಉಪ್ಪುನೀರಿಗೆ ಒಗ್ಗುತ್ತದೆ ನಿಜ, ರೆಡ್ ಕ್ಲಾ ರಾತ್ರಿ ಮಲಗಿದ ಮೋಲಿಯ ಬಾಲ ಹಿಡಿಯುತ್ತದೆ. ಫಿಡ್ಲರ್ ಏನೂ ಮಾಡುವುದಿಲ್ಲ, ಆದರೆ ಅದರ ಟ್ಯಾಂಕ್‌ನಲ್ಲಿ ಮೀನಿಗೆ ಈಜಲು ನೀರೇ ಇರುವುದಿಲ್ಲ. ಮರಿ ಮಾಡಿಸುವ ಆಸೆಯನ್ನೂ ಬಿಡಿ. ಮೂರರ ಮರಿಗಳೂ ಮೊದಲು ತೇಲುವ ಲಾರ್ವಾಗಳು. ಅವನ್ನು ಸಾಕಲು ಬೇರೆ ಟ್ಯಾಂಕ್, ಜೀವಂತ ಪ್ಲಾಂಕ್ಟನ್ ಬೇಕು.

ಹಾಗಾದರೆ ಯಾವುದು

ನನ್ನ ಮತ ಫಿಡ್ಲರ್‌ಗೆ. ಹಗಲಲ್ಲೇ ಓಡಾಡುತ್ತದೆ, ಗುಂಪಲ್ಲಿ ಬದುಕುತ್ತದೆ, ಅದರ ದಿನಚರಿ ಕಣ್ಣಮುಂದೆಯೇ ನಡೆಯುತ್ತದೆ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇಟ್ಟರೆ ಜಗಳ ಕಮ್ಮಿ. ಆಯಸ್ಸು ಜಾಸ್ತಿ ಇಲ್ಲ, ಒಂದೂವರೆಯಿಂದ ಮೂರು ವರ್ಷ. ದಂಡೆ ಕಟ್ಟುವ, ಅದನ್ನು ವಾರ ವಾರ ಸರಿಪಡಿಸುವ ಕೆಲಸ ಇಷ್ಟವಿಲ್ಲದವರು ಮಾತ್ರ ಇದರ ತಂಟೆಗೆ ಹೋಗಬೇಡಿ. ಮರಳು ಕಾಣದ ಫಿಡ್ಲರ್ ಬೇರೆ ಯಾವ ಏಡಿಗಿಂತಲೂ ದೀನ.

ಟ್ಯಾಂಕ್ ಸಣ್ಣದು, ಇದೇ ಮೊದಲು ಅನ್ನುವವರಿಗೆ ರೆಡ್ ಕ್ಲಾ, ಒಂದೇ ಒಂದು. ನೀರಿನ ಹೆಚ್ಚುಕಮ್ಮಿ ತಡೆದುಕೊಳ್ಳುತ್ತದೆ, ಕೆಲವು ದಿನಕ್ಕೆ ನಿಮ್ಮನ್ನು ಗುರುತು ಹಿಡಿದ ಹಾಗೆ ಊಟಕ್ಕೆ ಮುಂದೆ ಬರುತ್ತದೆ. ಗುಂಪಾಗಿ ಇಡಲು ಸಲಹೆ ಕೊಡುವವರು ಪೊರೆ ಬಿಟ್ಟ ಮಾರನೇ ದಿನ ಎಣಿಸಿ ನೋಡಲಿ.

ಬಂಡೆ ಏಡಿ, ಈಗಾಗಲೇ ಸಮುದ್ರದ ಟ್ಯಾಂಕ್ ನಡೆಸಿ ಅಭ್ಯಾಸ ಇರುವವರಿಗೆ. ಹವಳ ಇರುವ ಟ್ಯಾಂಕ್‌ಗಲ್ಲ, ಅದಕ್ಕೇ ಮೀಸಲಾದ ಒಂದು ಟ್ಯಾಂಕ್‌ಗೆ. ದಡದಿಂದ ಹಿಡಿದು ತರುವ ಯೋಚನೆ ಇದ್ದರೆ ಮೊದಲು ಕಾನೂನು ನೋಡಿಕೊಳ್ಳಿ, ಹಲವು ಕಡೆ ಅನುಮತಿ ಬೇಕು. ಸಾಕು ಅನ್ನಿಸಿತು ಅಂತ ಸಿಕ್ಕ ನೀರಿಗೆ ಬಿಡಲೂಬೇಡಿ. ಏಷ್ಯಾದ ಹೆಮಿಗ್ರಾಪ್ಸಸ್ ಸ್ಯಾಂಗ್ವಿನಿಯಸ್ ಅನ್ನುವ ದಡದ ಏಡಿ 1988ರಲ್ಲಿ ಅಮೆರಿಕದ ನ್ಯೂಜೆರ್ಸಿ ತೀರದಲ್ಲಿ ಮೊದಲು ಕಂಡಿತು, ಈಗ ಆ ಕರಾವಳಿಯ ಉದ್ದಕ್ಕೂ ಹಬ್ಬಿದೆ. ಅದು ಹೋದದ್ದು ಬಹುಶಃ ಹಡಗುಗಳು ಸಮತೋಲನಕ್ಕೆ ತುಂಬಿಕೊಳ್ಳುವ ನೀರಿನ ಜೊತೆ. ಆದರೆ ಹೊಸ ದಡ ಸಿಕ್ಕರೆ ಇಂಥ ಏಡಿಗಳು ಎಷ್ಟು ಬೇಗ ಬೇರೂರುತ್ತವೆ ಅನ್ನುವುದಕ್ಕೆ ಅದೇ ಸಾಕ್ಷಿ.

ಉಪ್ಪಿನ ರಗಳೆಯೇ ಬೇಡ ಅನ್ನುವವರು ಜಿಯೋಸೆಸಾರ್ಮಾ ಕುಲದ ವ್ಯಾಂಪೈರ್ ಏಡಿ ನೋಡಿ. ಅದಕ್ಕೆ ಸಿಹಿನೀರು, ತೇವದ ಮಣ್ಣು ಸಾಕು, ಮರಿಗಳು ಮೊಟ್ಟೆಯಿಂದ ನೇರ ಪುಟ್ಟ ಏಡಿಗಳಾಗಿಯೇ ಬರುತ್ತವೆ.

ರೆಡ್ ಕ್ಲಾ ಅಥವಾ ಫಿಡ್ಲರ್ ಕೊಳ್ಳುವಾಗ ಅಂಗಡಿಯ ಟ್ಯಾಂಕ್‌ನ ನೀರನ್ನು ಒಂದು ಬಾಟಲಿಯಲ್ಲಿ ಕೇಳಿ ತನ್ನಿ. ಮನೆಯಲ್ಲಿ ಅಳೆದು ನೋಡಿ. ಅದು ಸಿಹಿನೀರಾಗಿದ್ದರೆ ಏಡಿಯನ್ನು ಒಮ್ಮೆಲೇ ಉಪ್ಪಿಗೆ ಬಿಡಬೇಡಿ. ಕಡಿಮೆ ಉಪ್ಪಿನಲ್ಲಿ ಶುರುಮಾಡಿ, ಕೆಲವು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸಿ. ಅಷ್ಟು ದಿನವೂ ನೀರಿನಿಂದ ಹೊರಗೆ ಕೂರಲು ಜಾಗ ಇರಲಿ. ಎಷ್ಟು ಹೊತ್ತು ನೀರಲ್ಲಿರಬೇಕು ಅಂತ ಏಡಿಯೇ ನೋಡಿಕೊಳ್ಳುತ್ತದೆ.